ಚಿತ್ರವಿಲ್ಲದ ಆಟ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗ ಬೆಂಗಳೂರಿನಿಂದ ಯಾಪಲದಿನ್ನಿಗೆ ಬಂದಿದ್ದ. ನಮ್ಮ ರಾಯಚೂರು ಸೀಮೆಯ ಬಿಸಿಲಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಒಂದು ಸಂಜೆ ಕರೆಂಟು ಹೋಗಿ ಮನೆಮಂದಿಯೆಲ್ಲ ಅಂಗಳದಲ್ಲಿ ಕುಳಿತಿದ್ದೆವು. ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಪ್ಪಾಗಿದ್ದ ಮೊಬೈಲ್ ಪರದೆಯ ಮೇಲೆ ಬೆರಳಾಡಿಸುತ್ತಿದ್ದ. "ಕೆಟ್ಟು ಹೋಯಿತೇನೋ?" ಎಂದೆ. ಅವನು ನಕ್ಕು, ಅದನ್ನು ನನ್ನ ಕಿವಿಗೇ ಸಿಕ್ಕಿಸಿದ.

ಅದು 'ಎ ಬ್ಲೈಂಡ್ ಲೆಜೆಂಡ್' ಎಂಬ ವಿಡಿಯೋ ಗೇಮ್. ಫ್ರಾನ್ಸಿನ ಡೊವಿನೊ ಎಂಬ ಸಂಸ್ಥೆ 2015ರಲ್ಲಿ ಹೊರತಂದದ್ದು. ಅದರಲ್ಲಿ ಚಿತ್ರವೇ ಇಲ್ಲ, ಬರಿಯ ಸದ್ದು. ದೃಷ್ಟಿಯಿಲ್ಲದ ಎಡ್ವರ್ಡ್ ಬ್ಲೇಕ್ ಎಂಬ ವೀರ, ಅಪಹರಣಕ್ಕೊಳಗಾದ ಹೆಂಡತಿಯನ್ನು ಹುಡುಕಿಕೊಂಡು ಮಗಳು ಲೂಯಿಸಳ ದನಿಯ ಜಾಡು ಹಿಡಿದು ನಡೆಯುತ್ತಾನೆ. ಮಗಳ ದನಿ ಎಡಗಿವಿಯಲ್ಲಿ ಕೇಳಿದರೆ ಎಡಕ್ಕೆ, ಬಲಗಿವಿಯಲ್ಲಿ ಕೇಳಿದರೆ ಬಲಕ್ಕೆ. ನಾನು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಸೋತೆ. "ಪಾಪ, ಕಣ್ಣಿಲ್ಲದವರ ಬದುಕು ಎಂಥ ಕಷ್ಟ!" ಎಂದು ನಿಟ್ಟುಸಿರುಬಿಟ್ಟೆ. ಮೊಮ್ಮಗ ತಟ್ಟನೆ ಹೇಳಿದ: "ಇದು ಅವರೂ ಆಡಲಿ ಅಂತಲೇ ಮಾಡಿದ ಆಟ, ತಾತ. ನಿಮಗೆ ಅಭ್ಯಾಸವಿಲ್ಲ, ಅದಕ್ಕೇ ಸೋತಿರಿ."

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಆ ಒಂದು ಮಾತು ಪಾಠವಾಯಿತು. ಕಣ್ಣಿರುವವನು ಐದು ನಿಮಿಷ ಕಣ್ಣು ಮುಚ್ಚಿಕೊಂಡರೆ ಅವನಿಗೆ ತಿಳಿಯುವುದು ತನ್ನ ಭಯ ಮಾತ್ರ. ಹುಟ್ಟಿದಂದಿನಿಂದ ಕಿವಿಯಿಂದ, ಬೆರಳಿನಿಂದ, ನೆನಪಿನಿಂದ ಲೋಕವನ್ನು ಅರಿತವನ ಜಾಣ್ಮೆ ಅವನಿಗೆ ತಿಳಿಯುವುದಿಲ್ಲ.

ಆ ರಜೆಯಲ್ಲಿ ಅವನು ಇಂಥ ಇನ್ನೂ ಕೆಲವು ಆಟಗಳನ್ನು ತೋರಿಸಿದ. 'ಬಿಯಾಂಡ್ ಐಸ್' ಎಂಬುದರಲ್ಲಿ ದೃಷ್ಟಿ ಕಳೆದುಕೊಂಡ ಪುಟ್ಟ ಹುಡುಗಿ ತನ್ನ ಬೆಕ್ಕನ್ನು ಅರಸುತ್ತ ಅಂಜಂಜಿ ನಡೆಯುತ್ತಾಳೆ. 2017ರ 'ಪರ್ಸೆಪ್ಷನ್'ನಲ್ಲಿ ಕ್ಯಾಸಿ ಎಂಬ ಯುವತಿ ದೆವ್ವದ ಮನೆಯೊಂದರಲ್ಲಿ ಕೋಲು ತಟ್ಟಿ, ಅದರ ಮಾರ್ದನಿಯಿಂದ ದಾರಿ ಕಾಣುತ್ತಾಳೆ. 'ಮಾರ್ಟಲ್ ಕಾಂಬ್ಯಾಟ್'ನ ಕೆನ್ಶಿಯಂತೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಖಡ್ಗ ಬೀಸುವ ಮಾಯಾವಿ. ಹಾಗಾದರೆ ಕಣ್ಣಿಲ್ಲದವರು ಒಂದೋ ಕನಿಕರಕ್ಕೆ ಪಾತ್ರರು, ಇಲ್ಲವೇ ಭಯಾನಕ ಕಥೆಗೆ ಕಾರಣರು, ಅದೂ ಅಲ್ಲದಿದ್ದರೆ ಆರನೆಯ ಇಂದ್ರಿಯವುಳ್ಳ ಅದ್ಭುತ ಪುರುಷರು. ಸಂತೆಗೆ ಹೋಗಿ ಬದನೆಕಾಯಿಗೆ ಚೌಕಾಸಿ ಮಾಡುವ ಸಾಮಾನ್ಯ ಮನುಷ್ಯರಾಗಿ ಅವರನ್ನು ಈ ಆಟಗಳಲ್ಲಿ ನಾನು ಕಾಣಲಿಲ್ಲ.

ನಗಬೇಡಿ, ನಾವೂ ಬೇರೆಯವರೇನಲ್ಲ. ನಮ್ಮ ಬಯಲಾಟದ ಧೃತರಾಷ್ಟ್ರ ಎಡವಿದಾಗಲೆಲ್ಲ ನಾವು ಶಿಳ್ಳೆ ಹೊಡೆದು ನಕ್ಕವರೇ. ಇನ್ನೊಂದು ಕಡೆ, ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳಿದೊಡನೆ ಕೈಮುಗಿಯುವವರೂ ನಾವೇ. ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಮಕ್ಕಳಿಗೆ ಅನ್ನ, ಅರಿವು, ಆಶ್ರಯ ಕೊಟ್ಟರು. ಅವರ ಋಣ ತೀರಿಸಲಾಗದ್ದು. ಪುಟ್ಟರಾಜರು ಹಾಡುಗಾರರಷ್ಟೇ ಅಲ್ಲ, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದವರು, ನಾಟಕಗಳನ್ನು ಬರೆದವರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ಲಿಂಗೈಕ್ಯರಾದರು. ಅಷ್ಟೆಲ್ಲ ಮುಖಗಳಿದ್ದ ಆ ದೊಡ್ಡವರಿಂದ ನಾವು ಕಲಿತದ್ದು ಒಂದೇ: ಕಣ್ಣಿಲ್ಲದ ಮಗುವೆಂದರೆ ಹಾಡಬೇಕಾದ ಮಗು! ಆ ತಪ್ಪು ಅವರದಲ್ಲ, ನಮ್ಮದು.

ಇದನ್ನು ಬರೆಯಲು ಕೂತದ್ದೇ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಹಳ್ಳಿಯ ಶಾಲೆಯಲ್ಲಿ, ಅಕ್ಕನ ಕೈಹಿಡಿದು ಒಬ್ಬ ಹುಡುಗ ಬರುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂತು ಪಾಠ ಕೇಳುತ್ತಿದ್ದ. ಹುಟ್ಟಾ ದೃಷ್ಟಿಯಿಲ್ಲ. ಒಂದು ದಿನ ಹತ್ತಿಯ ತೂಕ, ಧಾರಣೆಯ ಲೆಕ್ಕ ಕೊಟ್ಟಿದ್ದೆ. ಒಳಗಿನವರು ಪಾಟಿಯ ಮೇಲೆ ಗೀಚುತ್ತಿದ್ದಾಗಲೇ ಹೊರಗಿನಿಂದ ಸರಿಯಾದ ಉತ್ತರ ಬಂತು. ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸಿ, ಬೆರಳಿನಿಂದ ಸವರುತ್ತ ಲೆಕ್ಕ ಮಾಡಿದ್ದ.

ನಾನು ಮೆಚ್ಚಿದೆ. ಮರುದಿನವೇ ಅವನ ತಂದೆಯನ್ನು ಕರೆಸಿ, "ಹುಡುಗ ಚುರುಕು. ಗದಗಿಗೆ ಕಳಿಸು, ಹಾಡು ಕಲಿತರೆ ಹೊಟ್ಟೆಗೆ ದಾರಿಯಾಗುತ್ತದೆ" ಎಂದೆ. ಪಕ್ಕದಲ್ಲೇ ನಿಂತಿದ್ದ ಹುಡುಗ ಕೇಳಿದ: "ಸರ, ಅಲ್ಲಿ ಲೆಕ್ಕಾನೂ ಕಲಸ್ತಾರೇನ್ರಿ?" ನಾನು ನಕ್ಕು ಅವನ ತಲೆ ನೇವರಿಸಿದೆ. ಉತ್ತರ ಕೊಡಲಿಲ್ಲ. ಅವನನ್ನು ಒಳಗೆ ಕರೆದು ಕೂರಿಸಲೂ ಇಲ್ಲ. ಆ ವರ್ಷ ಮಳೆಯಾಗಲಿಲ್ಲ. ಆ ಮನೆಯವರು ಗುಳೆ ಹೋದರು. ಮತ್ತೆ ಅವನನ್ನು ಕಾಣಲಿಲ್ಲ. ಅವನು ಗದಗಿಗೆ ಹೋಗದಿದ್ದುದಕ್ಕೆ ನನಗೆ ದುಃಖವಿಲ್ಲ. "ನಿನಗೇನು ಬೇಕಪ್ಪಾ?" ಎಂದು ಕೇಳದೆ ಬಿಟ್ಟೆನಲ್ಲ, ಅದು ಇಂದಿಗೂ ಚುಚ್ಚುತ್ತದೆ.

ಕೇಳಿದವರೂ ಇದ್ದಾರೆ. ಜಪಾನಿನ ಕೆಂಜಿ ಎನೊ ಎಂಬ ಆಟಗಳ ಕರ್ತೃ, ತನ್ನ ಆಟಗಳನ್ನು ಅಂಧರೂ ಆಡುತ್ತಾರೆಂದು ತಿಳಿದು ಅವರನ್ನು ಕಂಡು ಮಾತನಾಡಿಸಿ, 1997ರಲ್ಲಿ ಬರಿಯ ಸದ್ದಿನಿಂದ ನಡೆಯುವ 'ರಿಯಲ್ ಸೌಂಡ್' ಎಂಬ ಆಟ ತಂದನಂತೆ. 2020ರ 'ದಿ ಲಾಸ್ಟ್ ಆಫ್ ಅಸ್'ನ ಎರಡನೆಯ ಭಾಗವನ್ನು ಸದ್ದಿನ ಸಂಕೇತಗಳ ನೆರವಿನಿಂದ ದೃಷ್ಟಿಯಿಲ್ಲದವರೂ ಕೊನೆಯವರೆಗೆ ಆಡಬಹುದು. ಅದರ ಕಥೆ ಕುರುಡುತನದ್ದಲ್ಲ. ನನಗೆ ಹಿಡಿಸಿದ್ದೂ ಅದೇ. ಅಲ್ಲಿ ಅವರು ಕಥೆಯ ಪಾತ್ರವಲ್ಲ, ಎಲ್ಲರಂತೆ ಆಟಗಾರರು.

ಅಷ್ಟು ದೂರವೇಕೆ? ಅಂಧರ ಮೊದಲ ಟಿ-20 ವಿಶ್ವಕಪ್ ನಡೆದದ್ದು 2012ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಕನ್ನಡಿಗ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ ಗೆದ್ದಿತು. ಆ ಆಟದ ಚೆಂಡಿನೊಳಗೆ ಗಲಗಲ ಎನ್ನುವ ಗುಂಡುಗಳಿರುತ್ತವೆ. ಬೌಲರ್ ಚೆಂಡನ್ನು ಎಸೆಯುವ ಮೊದಲು "ರೆಡಿ?" ಎಂದು ಕೇಳಬೇಕು. ಬ್ಯಾಟು ಹಿಡಿದವರು "ಎಸ್" ಎಂದ ಮೇಲೆಯೇ "ಪ್ಲೇ" ಎಂದು ಕೂಗಿ ಎಸೆಯಬೇಕು. ಅದು ನಿಯಮ.

ಕೇಳುವುದು, ಉತ್ತರಕ್ಕೆ ಕಾಯುವುದು. ಆ ಹುಡುಗನ ವಿಷಯದಲ್ಲಿ ನಾನು ಪಾಲಿಸಬೇಕಾಗಿದ್ದ ನಿಯಮವೂ ಅದೇ ಆಗಿತ್ತು. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ನಿಮ್ಮ ಕಿಟಕಿಯ ಹೊರಗೆ ಯಾರಾದರೂ ಕೂತಿದ್ದರೆ ಮೊದಲು ಒಳಗೆ ಕರೆಯಿರಿ. ಆಮೇಲೆ ಏನು ಬೇಕೆಂದು ಅವರನ್ನೇ ಕೇಳಿ.