ಎಮ್ಮೆಗೆ ಬರೆ ಎಳೆಯುವ ಮೊದಲು

ಹೊಲಿಗೆ ಯಂತ್ರದ ದಾರ ಪದೇ ಪದೇ ತುಂಡಾದರೆ ಎಲ್ಲಿ ನೋಡಬೇಕು, ಕುಕ್ಕರು ಕೂಗದಿದ್ದರೆ ಏನು ಮಾಡಬೇಕು ಎಂಬುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ದೋಣಿಯ ಇಂಜಿನ್ನು ಎಂದ ಕೂಡಲೇ ಅದು ಗಂಡಸರ ಕಾರುಬಾರು. ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೂ ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡುವ ಯೋಗ ಬಂದದ್ದು ತಮ್ಮನ ಹಳೆಯ ಔಟ್‌ಬೋರ್ಡ್ ಇಂಜಿನ್ನಿನ ಗೇರು ಬಿಗಿಯಾದ ಮೇಲೆಯೇ.

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸುವ ಯಂತ್ರ. ಮೇಲೆ ಇಂಜಿನ್ನು, ಕೆಳಗೆ ನೀರಿಗಿಳಿದ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ನಮ್ಮವರು ಫ್ಯಾನು ಎನ್ನುವ ಪ್ರೊಪೆಲ್ಲರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಇಂಥ ಯಂತ್ರದ ಕಂಪನಿ ತೆರೆದಾಗ, ಜಾಹೀರಾತು ಬರೆದು ವ್ಯವಹಾರ ನೋಡಿಕೊಂಡವಳು ಅವನ ಹೆಂಡತಿ ಬೆಸ್. ಆ ಕಾಲದ ಯಂತ್ರಗಳಿಗೆ ಗೇರು ಇರಲಿಲ್ಲ. ಇಂಜಿನ್ನು ಚಾಲೂ ಆಯಿತೆಂದರೆ ದೋಣಿ ಹೊರಟಿತೆಂದೇ ಅರ್ಥ. ಜಾನ್ಸನ್ ಕಂಪನಿಯ 10 ಅಶ್ವಶಕ್ತಿಯ ಯಂತ್ರದಲ್ಲಿ ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ ಎಂಬ ಮೂರೂ ಗೇರುಗಳು ಬಂದದ್ದು 1949ರಲ್ಲಿ. ನಮ್ಮ ಕರಾವಳಿಯ ನಾಡದೋಣಿಗಳಿಗೆ 1980ರ ದಶಕದಲ್ಲಿ ಸೀಮೆಎಣ್ಣೆಯ ಔಟ್‌ಬೋರ್ಡುಗಳು ಬಂದು, ಹುಟ್ಟು ಹಾಕಿ ಸೋತ ತೋಳುಗಳಿಗೆ ಬಿಡುವು ಕೊಟ್ಟವು.

ತಮ್ಮನದು ಮೂವತ್ತು ವರ್ಷ ದಾಟಿದ ಇಂಜಿನ್ನು. ಅದರ ಸಂಪಾದನೆಯ ಕಾಲ ಮಳೆಗಾಲ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದಾಗ, 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆದರೆ ಐದು ಹೊಳೆಗಳು ಕೂಡಿ ಕಡಲು ಸೇರುವ ನಮ್ಮ ಅಳಿವೆ ಮಳೆಗಾಲದಲ್ಲಿ ಹುಡುಗಾಟದ ಜಾಗವಲ್ಲ. ಬೇಕೆಂದ ಕ್ಷಣಕ್ಕೆ ಗೇರು ಬೀಳದಿದ್ದರೆ ದೋಣಿ ಅಲೆಗೆ ಅಡ್ಡವಾಗುತ್ತದೆ. ಅಡ್ಡವಾದ ದೋಣಿಯನ್ನು ಮಗುಚಲು ಒಂದೇ ಅಲೆ ಸಾಕು.

ನಾನು ಬೇಸಿಗೆ ರಜೆಗೆ ಹೋದಾಗ ತಮ್ಮ ಎರಡೂ ಕೈಯಲ್ಲಿ ಗೇರಿನ ಹಿಡಿಯನ್ನು ಜಗ್ಗುತ್ತಿದ್ದ. ಪೇಟೆಯ ಮೆಕ್ಯಾನಿಕ್ ಒಬ್ಬ ಬಂದು, ಗೇರು ಸೆಟ್ಟನ್ನೇ ಬದಲಾಯಿಸಬೇಕೆಂದು ಹೇಳಿ ಹೋಗಿದ್ದನಂತೆ. ಅವನು ಹೇಳಿದ ಮೊತ್ತಕ್ಕೆ ಉಳಿದಿದ್ದ ದಾರಿ ಒಂದೇ, ತಮ್ಮನ ಹೆಂಡತಿಯ ಕೈಬಳೆ. ಮನೆ ಮನೆಗೆ ಮೀನು ಮಾರಿ, ಪೈಸೆ ಪೈಸೆ ಕೂಡಿಸಿ ಮಾಡಿಸಿಕೊಂಡ ಬಳೆಗಳವು.

"ಬಳಿ ಕೊಡುಕ್ ಅಡ್ಡಿಲ್ಲ. ಬಿಗಿ ಎಲ್ಲಿತ್ತ್ ಅಂದ್ ಮೊದ್ಲ್ ಕಾಣಿ" ಎಂದಳು ಆಕೆ. ಮಾರನೆಯ ದಿನ ತಾನೇ ಹೊಳೆಯ ಆಚೆ ದಡದಿಂದ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆತಂದಳು.

ಮೇಸ್ತ್ರಿ ಮೊದಲು ಪ್ಲಗ್ಗಿನ ಟೋಪಿ ಕಿತ್ತರು; ಇಲ್ಲವಾದರೆ ಫ್ಯಾನು ತಿರುಗಿಸುವಾಗ ಇಂಜಿನ್ನು ಹೊತ್ತಿಕೊಂಡು ಬೆರಳು ಹೋದೀತು. ಬಳಿಕ ಒಬ್ಬರಿಂದ ಫ್ಯಾನನ್ನು ಮೆಲ್ಲಗೆ ತಿರುಗಿಸುತ್ತ ಗೇರು ಹಾಕಿ ನೋಡಿದರು. ಕಾಲಿನ ತಳದಲ್ಲಿ ಎರಡು ಹಲ್ಲುಚಕ್ರಗಳು ಸದಾ ಒಂದಕ್ಕೊಂದು ಎದುರಾಗಿ ಸುತ್ತುತ್ತವೆ. ನಡುವೆ ಹಲ್ಲಿರುವ ತುಂಡೊಂದು ಅತ್ತ ಸರಿದರೆ ಮುಂದಕ್ಕೆ, ಇತ್ತ ಸರಿದರೆ ಹಿಂದಕ್ಕೆ, ಯಾರನ್ನೂ ಮುಟ್ಟದೆ ನಿಂತರೆ ನ್ಯೂಟ್ರಲ್. ಇಂಜಿನ್ನು ನಿಂತಿರುವಾಗ ಹಲ್ಲಿಗೆ ಹಲ್ಲು ತಾಗಿ ನಿಂತರೆ ಸರಿಯಿರುವ ಗೇರೂ ಬೀಳುವುದಿಲ್ಲ. ಫ್ಯಾನು ತುಸು ತಿರುಗಿದರೆ ಬೀಳುತ್ತದೆ. ಇದು ತಿರುಗಿಸಿದರೂ ಬಿಗಿ.

ಆಮೇಲೆ ಗೇರಿನ ಎಣ್ಣೆಯನ್ನು ಬಟ್ಟಲಿಗೆ ಇಳಿಸಿದರು. ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ನುಗ್ಗಿದೆ, ಕಬ್ಬಿಣದ ಚೂರಿದ್ದರೆ ಹಲ್ಲು ಸವೆದಿದೆ ಎಂದರ್ಥ. ಎಣ್ಣೆ ಕಪ್ಪಾಗಿತ್ತು, ಅಷ್ಟೇ.

ಕೊನೆಗೆ ಅವರು ಮಾಡಿದ ಕೆಲಸವೇ ನನಗೆ ಬಹಳ ಹಿಡಿಸಿದ್ದು. ಬೋಲ್ಟುಗಳನ್ನು ಬಿಚ್ಚಿ ಕೆಳಗಿನ ಕಾಲನ್ನು ಮೇಲಿನಿಂದ ಬೇರ್ಪಡಿಸಿ, ಗೇರಿನ ಸರಳನ್ನೂ ಕಳಚಿದರು. ಈಗ ಹಿಡಿ ಬೇರೆ, ಗೇರು ಬೇರೆ. ಕೆಳಗಿನ ಸರಳನ್ನು ಇಕ್ಕಳದಲ್ಲಿ ಹಿಡಿದು ಫ್ಯಾನು ತಿರುಗಿಸುತ್ತ ಸರಿಸಿದರೆ, ಟಕ್, ಟಕ್, ಮೂರೂ ಗೇರು ಸಲೀಸು! ಮೇಲಿನ ಹಿಡಿ ಮಾತ್ರ ಒಂಟಿಯಾಗಿಯೂ ಅಲುಗಲಿಲ್ಲ. ಹಿಡಿಯ ದಂಡ ಹಾದುಹೋಗುವ ಬುಷ್ಷಿನಲ್ಲಿ ಉಪ್ಪೂ ಹಳೆಯ ಗ್ರೀಸೂ ಸೇರಿ ಕಲ್ಲಾಗಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ತಾನೆ? ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಲೆಕ್ಕದ್ದೇ ಟ್ಯೂಷನ್ನು ಹೇಳಿಸುತ್ತಾರೆ. ಅವನಿಗೆ ಬಾರದಿರುವುದು ಪ್ರಶ್ನೆಯನ್ನು ಓದುವುದು ಎಂಬುದನ್ನು ತರಗತಿಯಲ್ಲಿ ಎಷ್ಟು ಸಲ ಕಂಡಿದ್ದೇನೆ!

ತಮ್ಮ ಸುತ್ತಿಗೆ ತಂದಾಗ ಮೇಸ್ತ್ರಿ ಕೈ ಅಡ್ಡ ಹಿಡಿದರು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಕಾದು, ಹಿಡಿಯನ್ನು ಕೂದಲೆಳೆಯಷ್ಟು ಅತ್ತ ಇತ್ತ ಆಡಿಸಿ ಸಡಿಲಿಸಿದರು. ದಂಡವನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಬುಷ್ಷು ಕೂರಿಸಿ, ಉಪ್ಪುನೀರಿಗೆ ಕರಗದ ಗ್ರೀಸು ಬಳಿದರು. ಕಾಲನ್ನು ಜೋಡಿಸುವಾಗ ಹಿಡಿ, ಗೇರು ಎರಡನ್ನೂ ನ್ಯೂಟ್ರಲ್‌ನಲ್ಲಿಟ್ಟರು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಏರಿಸುತ್ತ ಹೋಗಿ, ಮೇಲಿನ ತೂತಿನಲ್ಲಿ ಕಂಡಾಗ ನಿಲ್ಲಿಸಿದರು; ಮೇಲಿನಿಂದ ಸುರಿದರೆ ನಡುವೆ ಗಾಳಿ ಉಳಿಯುತ್ತದಂತೆ.

ಹೊರಡುವಾಗ ತಮ್ಮನಿಗೊಂದು ಮಾತು ಹೇಳಿದರು: "ಇಂಜಿನ್ನನ್ನು ಪೂರ್ತಿ ನಿಧಾನಕ್ಕಿಳಿಸಿ, ಆಮೇಲೆ ಗೇರನ್ನು ಒಂದೇ ಏಟಿಗೆ ಹಾಕು. ಅಂಜಿ ಅಂಜಿ ತಳ್ಳಿದರೆ ಹಲ್ಲು ಕರಕರ ಸವೆಯುತ್ತದೆ."

ಬುಷ್ಷು, ಗ್ರೀಸು, ಎಣ್ಣೆ, ಮೇಸ್ತ್ರಿಯ ಕೂಲಿ ಎಲ್ಲ ಸೇರಿ ಆದ ಖರ್ಚು ಎರಡು ದಿನದ ಮೀನಿನ ಬುಟ್ಟಿಯಲ್ಲಿ ತೀರಿತು. ಬಳೆಗಳು ಕೈಯಲ್ಲೇ ಉಳಿದವು. ಜೂನಿನಲ್ಲಿ ದೋಣಿ ಅಳಿವೆ ದಾಟಿತು. ಅಂದಿನಿಂದ ಆ ಮನೆಯಲ್ಲೊಂದು ಕಾಯಿದೆ: ಕಡಲಿನಿಂದ ಬಂದ ಕೂಡಲೇ ಇಂಜಿನ್ನಿಗೆ ಬಾವಿ ನೀರಿನ ಡ್ರಮ್ಮಿನಲ್ಲಿ ಸ್ನಾನ, ಗೇರಿನ ಹಿಡಿಗೆ ಎರಡು ತಂಬಿಗೆ ಸಿಹಿನೀರು. ಅದಾಗದೆ ನನ್ನ ನಾದಿನಿ ಗಂಡನಿಗೆ ಅನ್ನ ಬಡಿಸುವುದಿಲ್ಲ.