ರಾತ್ರಿ ಶಾಲೆಯ ನಾಟಕ

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ವಿಷಯ ಊರಿನಲ್ಲಿರುವವರಿಗೆ ಅಷ್ಟಾಗಿ ಗೊತ್ತಿರಲಾರದು. ಕರಾವಳಿಯಿಂದ ಬಂದು ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಸಂಜೆ ಕೈಕಾಲು ತೊಳೆದುಕೊಂಡು ಬಂದು ಪಾಠ ಕೇಳುತ್ತಿದ್ದ ಶಾಲೆಗಳು ಅವು. ಅಲ್ಲಿ ಎಸ್ಸೆಸ್ಸಿ ಮುಗಿಸಿ ಬ್ಯಾಂಕು, ಕಚೇರಿ ಸೇರಿದವರು, ಸ್ವಂತ ಹೋಟೆಲು ಇಟ್ಟವರು ಎಷ್ಟೋ ಮಂದಿ. ಈ ಶಾಲೆಗಳ ಮಾತು ಬಂದಾಗ ಎಲ್ಲರೂ ಫಲಿತಾಂಶದ ಶೇಕಡಾವಾರು ಹೇಳುತ್ತಾರೆ. ಅಲ್ಲಿ ನಡೆಯುತ್ತಿದ್ದ ನಾಟಕ, ಯಕ್ಷಗಾನ, ಭಾಷಣ ಸ್ಪರ್ಧೆಗಳ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ನಾನು ಮೈಸೂರಿನ ಕಡೆಯವನು. 1989ರಲ್ಲಿ ವರ್ಗವಾಗಿ ಮುಂಬಯಿಗೆ ಬಂದೆ. ಬ್ಯಾಂಕಿನ ಹಿರಿಯರೊಬ್ಬರು ಇಂಥದೊಂದು ಶಾಲೆಗೆ ಕರೆದೊಯ್ದು, ವಾರ್ಷಿಕೋತ್ಸವಕ್ಕೆ ಒಂದು ನಾಟಕ ಕಲಿಸಿಕೊಡಿ ಅಂದರು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆರಿಸಿಕೊಂಡೆ. ಪುಸ್ತಕವೇ ಪ್ರಪಂಚವಾದ ಒಬ್ಬ ಮಗ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಕಷ್ಟಕ್ಕೆ ಒದಗುವ ಇನ್ನೊಬ್ಬ ಮಗ. ಇವರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದೇ ಕತೆ. ಪೇಚಾಟ ಶುರುವಾದದ್ದು ಭಾಷೆಯಿಂದ. ಹುಡುಗರಲ್ಲಿ ಹೆಚ್ಚಿನವರ ಮನೆಮಾತು ತುಳು, ಕೆಲವರದು ಕುಂದಾಪುರದ ಕನ್ನಡ. ಕೈಲಾಸಂ ಅವರದೋ ಇಂಗ್ಲಿಷು ಬೆರೆತ ಬೆಂಗಳೂರು, ಮೈಸೂರಿನ ಮನೆಮಾತು. “ಸಾರ್, ಇದು ಯಾವ ಕನ್ನಡ?” ಅಂತ ಒಬ್ಬ ಕೇಳಿಯೇ ಬಿಟ್ಟ.

ಮುಖ್ಯೋಪಾಧ್ಯಾಯರಿಗೆ ಇದೆಲ್ಲ ಹಿಡಿಸಲಿಲ್ಲ. “ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಇವರಿಗೆ ಓದ್ಲಿಕ್ಕೇ ಪುರುಸೊತ್ತಿಲ್ಲ, ನಾಟಕ ಯಾಕೆ ಮಾರಾಯ್ರೇ?” ಅಂದರು. ಅವರ ಮಾತು ಸುಳ್ಳಲ್ಲ. ಬೆಳಗಿನ ಜಾವ ಏಳುವ ಹುಡುಗರು; ಪಾಠ ಮುಗಿದ ಮೇಲೆ ರಾತ್ರಿ ಒಂಬತ್ತೂವರೆಗೆ ನಮ್ಮ ಅಭ್ಯಾಸ.

ಇದೇ ವಾದ ಇವತ್ತಿಗೂ ಮುಗಿದಿಲ್ಲ ಅನ್ನಿ. ಪಠ್ಯ, ಪಠ್ಯೇತರ ಎಂಬ ಗಟ್ಟಿ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಮಹಾರಾಷ್ಟ್ರದಲ್ಲಿ ಸರಕಾರದ ಇಂಟರ್‌ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವರಿಗೆ ಹತ್ತನೆಯ ತರಗತಿಯಲ್ಲಿ ಕೆಲವು ಅಂಕ ಹೆಚ್ಚಿಗೆ ಸಿಗುತ್ತವೆ. ಹಾಗಾಗಿ ಚಿತ್ರ ಬರೆಯುವುದಕ್ಕೆ ತಂದೆತಾಯಿಗಳ ತಕರಾರಿಲ್ಲ. ನಮ್ಮ ಕಟ್ಟಡದ ಒಬ್ಬ ತಾಯಿಯ ಹತ್ತಿರ, ಮಗಳನ್ನು ಕನ್ನಡ ನಾಟಕಕ್ಕೆ ಕಳಿಸಮ್ಮ ಅಂದರೆ, “ಅದಕ್ಕೆ ಎಷ್ಟು ಮಾರ್ಕ್ಸ್ ಅಂಕಲ್?” ಅಂದಳು.

ನಮ್ಮ ನಾಟಕದಲ್ಲಿ ಅಪ್ಪನ ಪಾತ್ರ ಸಿಕ್ಕಿದ್ದು ಟೇಬಲ್ ಒರೆಸುವ ಹುಡುಗನೊಬ್ಬನಿಗೆ. ಎತ್ತರವಿದ್ದ, ಪಂಚೆ ಒಪ್ಪುತ್ತಿತ್ತು, ಅಷ್ಟೇ ಕಾರಣ. ಹೋಟೆಲಿನಲ್ಲಿ ಅವನನ್ನು ಎಲ್ಲರೂ ಕೂಗಿ ಕರೆಯುವವರೇ. ಅವನು ಯಾರನ್ನೂ ಕೂಗುವಂತಿರಲಿಲ್ಲ. ಇಲ್ಲಿ ಮಗನನ್ನು ಗದರಿಸಬೇಕು. ಮೊದಲ ವಾರ ಗಂಟಲೇ ಏಳಲಿಲ್ಲ. ಊರಿಗೆ ಹೋಗಿ ಮೂರು ವರ್ಷವಾಗಿತ್ತಂತೆ. “ನಿಮ್ಮಪ್ಪ ಹ್ಯಾಗೆ ಬೈತಿದ್ರೋ ಹಾಗೇ ಬೈಯೋ” ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಹೊರಟ ದನಿಗೆ ಕೆಳಗಿದ್ದ ವಾಚ್‌ಮನ್, ಜಗಳವೇ ಇರಬೇಕೆಂದು ಮೇಲೆ ಓಡಿ ಬಂದ.

ನಾಟಕ ಚೆನ್ನಾಗಿಯೇ ಆಯಿತು. ಆದರೆ ಆ ಹುಡುಗ ಮಾರ್ಚಿನಲ್ಲಿ ಗಣಿತದಲ್ಲಿ ಫೇಲಾದ. ನಾಟಕಕ್ಕೆ ಬಾರದ ಹುಡುಗರೂ ಗಣಿತದಲ್ಲಿ ಫೇಲಾಗಿದ್ದಾರಲ್ಲ ಅಂತ ನಾನು ಪಟ್ಟಿ ತೋರಿಸಿದೆ. ಮುಖ್ಯೋಪಾಧ್ಯಾಯರು ಕೇಳಲಿಲ್ಲ. ಮರುವರ್ಷದಿಂದ ಹತ್ತನೆಯವರಿಗೆ ನಾಟಕ ಬಂದ್. ಹುಡುಗ ಅಕ್ಟೋಬರಿನಲ್ಲಿ ಕೂತು ಪಾಸು ಮಾಡಿಕೊಂಡ. ಆರು ತಿಂಗಳು ಹೋಯಿತು, ನಿಜ. ಸಾಲದ ಬಡ್ಡಿಯ ಹಾಗೆ ಅದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಎರಡು ವರ್ಷದ ನಂತರ ಅವನು ನಮ್ಮ ಶಾಖೆಗೆ ಬಂದ. ನಾನು ಅಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ. ಹೋಟೆಲಿನ ಇನ್ನಿಬ್ಬರು ಚಿಕ್ಕವರನ್ನೂ ಖಾತೆ ತೆರೆಸಲು ಕರೆತಂದಿದ್ದ. ಕೌಂಟರಿನವರು ಎಂದಿನಂತೆ “ನಾಳೆ ಬಾ” ಅಂದರು. “ನಾಳೆ ಯಾಕೆ? ಫಾರಮಿನಲ್ಲಿ ಏನು ಕಮ್ಮಿ ಇದೆ ಅಂತ ಹೇಳಿ” ಅಂದ. ಕೂಗಾಡಲಿಲ್ಲ; ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವ ಹಾಗೆ ಹೇಳಿದ, ಅಷ್ಟೇ. ಒಳಗೆ ಲೆಡ್ಜರು ನೋಡುತ್ತಿದ್ದ ನನಗೆ ಮುಖ ಕಾಣುವ ಮೊದಲೇ ದನಿಯ ಗುರುತು ಹತ್ತಿತು. ಮೂರೂ ಖಾತೆಗಳನ್ನು ಅವತ್ತೇ ತೆರೆದೆವು.