ಡೀಸೆಲ್ ಎಲ್ಲಿ ಹೋಗುತ್ತಿತ್ತು?

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಮನೆಯ ಟ್ರ್ಯಾಕ್ಟರ್ ಹೊಲ ಬಿಟ್ಟು ರಸ್ತೆಗೆ ಇಳಿಯುತ್ತದೆ. ಹಿಂದೆ ಎರಡು ಟ್ರೇಲರ್. ಮುಧೋಳ ತಾಲ್ಲೂಕಿನ ನಮ್ಮೂರಿನಿಂದ ಕಾರ್ಖಾನೆಗೆ 22 ಕಿಲೋಮೀಟರ್. ಬಾಡಿಗೆ ಸಿಗುವುದು ಟನ್ ಲೆಕ್ಕದಲ್ಲಿ, ಡೀಸೆಲ್ ಖರ್ಚು ಪೂರ್ತಿ ನಮ್ಮದೇ. ಹೋದ ಹಂಗಾಮಿನ ಮೊದಲ ತಿಂಗಳು ಬಂಕಿನ ಬಾಕಿ ಕೊಟ್ಟ ಮೇಲೆ ಟ್ರ್ಯಾಕ್ಟರ್ ಸಾಲದ ಕಂತಿಗೂ ದುಡ್ಡು ಉಳಿಯಲಿಲ್ಲ.

"ಹಗಲೂ ರಾತ್ರಿ ದುಡದು ಎಲ್ಲಾ ಡೀಸೆಲ್‌ಗೇ ಹಾಕಿದ್ರ ಕಂತು ಯಾರು ತುಂಬೋರು?" ಎಂದು ಅವ್ವ ಕೇಳಿದಳು. ಅಣ್ಣತಮ್ಮಂದಿರಿಬ್ಬರೂ ತಲೆ ತಗ್ಗಿಸಿದೆವು.

ಮೊದಲು ಅನುಮಾನ ಬಂದದ್ದು ಬಂಕಿನ ಮೇಲೆ, ಆಮೇಲೆ ಎಂಜಿನ್ ಮೇಲೆ. ಪಂಕ್ಚರ್ ಅಂಗಡಿಯ ಕಾಕಾ ಕೇಳಿದ್ದು ಒಂದೇ ಮಾತು: "ಲೆಕ್ಕ ಬರದಿಟ್ಟೀರೇನು?" ಇಟ್ಟಿರಲಿಲ್ಲ. ಅವತ್ತಿನಿಂದ ಪ್ರತಿ ಸಲ ಟ್ಯಾಂಕ್ ಪೂರ್ತಿ ತುಂಬಿಸಿ, ಹಾಕಿದ ಲೀಟರ್ ಮತ್ತು ಕಾಟಾ ಚೀಟಿಯ ತೂಕ ಎರಡನ್ನೂ ಬರೆದೆವು. ಒಂದು ಟನ್ ಕಬ್ಬು ಮುಟ್ಟಿಸಲು ಎಷ್ಟು ಡೀಸೆಲ್ ಬೇಕು ಎಂಬುದೇ ನಮ್ಮ ನಿಜವಾದ ಲೆಕ್ಕ. ಹೋಗಿ ಬರಲು ಹತ್ತಿರ ಹತ್ತಿರ 20 ಲೀಟರ್ ಸುಡುತ್ತಿತ್ತು.

ಕಾಕಾ ಮೊದಲು ಗಾಳಿ ನೋಡಿದರು. ಉಳುಮೆ ಮಾಡುವಾಗ ಹಿಡಿತಕ್ಕೆಂದು ದೊಡ್ಡ ಗಾಲಿಗಳಲ್ಲಿ ಗಾಳಿ ಕಡಿಮೆ ಇಡುತ್ತೇವೆ. ರಸ್ತೆಗೆ ಇಳಿದ ಮೇಲೂ ಅದನ್ನೇ ಬಿಟ್ಟಿದ್ದೆವು. ಹೊಲಕ್ಕೆಷ್ಟು, ರಸ್ತೆಗೆಷ್ಟು ಎಂದು ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲೇ ಇದೆ. ಟ್ರೇಲರ್ ಟೈರುಗಳೂ ಮೆತ್ತಗಿದ್ದವು. ಮೆತ್ತಗಿನ ಟೈರು ಉರುಳುವಾಗ ಪ್ರತಿ ಸುತ್ತಿಗೂ ಒತ್ತಿ ಹಿಗ್ಗುತ್ತದೆ. ಆ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ, ಟೈರೂ ಬೇಗ ಹಾಳು.

ಮುಂದಿನ ಟ್ರಿಪ್ ಮುಗಿಸಿ ಬಂದಾಗ ಕಾಕಾ ಒಂದೊಂದೇ ಗಾಲಿಯ ನಡುಭಾಗ ಮುಟ್ಟಿ ನೋಡಿದರು. ಹಿಂದಿನ ಟ್ರೇಲರಿನ ಎಡಗಾಲಿ ಕೈ ಇಡಲಾರದಷ್ಟು ಸುಡುತ್ತಿತ್ತು. ಬೇರಿಂಗಿನಲ್ಲಿ ಗ್ರೀಸ್ ಒಣಗಿಹೋಗಿತ್ತು. ಏರ್ ಕ್ಲೀನರಿನ ಎಣ್ಣೆ ಧೂಳು ಕುಡಿದು ಕೆಸರಾಗಿತ್ತು. ಎರಡನ್ನೂ ಸರಿಪಡಿಸಲು ಅರ್ಧ ದಿನ ಸಾಕಾಯಿತು.

ಕಾರ್ಖಾನೆಯ ಸರದಿಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ನಮ್ಮ ಟ್ರ್ಯಾಕ್ಟರ್ ಸೆಲ್ಫ್ ಎತ್ತುತ್ತಿರಲಿಲ್ಲ. ಆರಿಸಿದರೆ ತಳ್ಳಬೇಕಾದೀತೆಂದು ತಾಸುಗಟ್ಟಲೆ ಚಾಲೂ ಇಡುತ್ತಿದ್ದೆವು. ನಿಂತಲ್ಲೇ ತಾಸಿಗೆ ಒಂದು ಲೀಟರ್ ಆಸುಪಾಸು ಸುಡುತ್ತಿತ್ತು. ಬ್ಯಾಟರಿಯ ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು ಬಿಗಿ ಮಾಡಿದೆವು. ಸೆಲ್ಫ್ ಎತ್ತಿತು.

ಓಡಿಸುವ ರೀತಿಯನ್ನೂ ಬದಲಿಸಿದೆವು. ಸಪಾಟು ರಸ್ತೆಯಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ ಕೂಗಿಸುವುದನ್ನು ಬಿಟ್ಟು, ಮೇಲಿನ ಗೇರ್ ಹಾಕಿ ಎಕ್ಸಲೇಟರ್ ಇಳಿಸಿದೆವು. ಕಪ್ಪು ಹೊಗೆ ಬಂದರೆ ಎಂಜಿನ್ ತಿಣುಕುತ್ತಿದೆ ಎಂದರ್ಥ, ಒಂದು ಗೇರ್ ಕೆಳಗೆ ಬರಬೇಕು.

ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತದೆ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಟ ನಮಗಿತ್ತು. ಒಂದು ರಾತ್ರಿ ಲೋಡ್ ತುಂಬಿಕೊಂಡು ಹಳ್ಳದ ಇಳಿಜಾರಿನಲ್ಲಿ ಹಾಗೇ ಬಿಟ್ಟೆವು. ಎರಡೂ ಟ್ರೇಲರ್ ಹಿಂದಿನಿಂದ ನೂಕತೊಡಗಿದವು. ಅವಕ್ಕೆ ಬ್ರೇಕ್ ಇಲ್ಲ. ನಾವು ಬ್ರೇಕ್ ತುಳಿದಾಗ ಹಿಂದಿನ ಟ್ರೇಲರ್ ಅಡ್ಡ ಹೊರಳಿತು. ಎದುರಿನಿಂದ ಗಂಡ, ಹೆಂಡತಿ, ಮಗು ಬೈಕಿನಲ್ಲಿ ಬರುತ್ತಿದ್ದರು. ಅವರು ರಸ್ತೆ ಬಿಟ್ಟು ಜಾಲಿ ಕಂಟಿಗೆ ನುಗ್ಗಿದ್ದರಿಂದ ಉಳಿದರು. ಆ ತಾಯಿ ಬೈಯಲಿಲ್ಲ. ಮಗುವನ್ನು ಎದೆಗವಚಿಕೊಂಡು ನಮ್ಮನ್ನೇ ನೋಡುತ್ತಾ ನಿಂತಿದ್ದರು.

ಮೆಕ್ಯಾನಿಕ್ ಆಮೇಲೆ ಬಿಡಿಸಿ ಹೇಳಿದರು. ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ಗಾಲಿಗಳೇ ಎಂಜಿನ್ ತಿರುಗಿಸುತ್ತವೆ, ಪಂಪು ಡೀಸೆಲ್ ಬಿಡುವುದನ್ನು ಬಹುತೇಕ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಡೀಸೆಲ್ ಬೇಕೇ ಬೇಕು. ಜೊತೆಗೆ ಎಂಜಿನ್ನಿನ ತಡೆಯೂ ಇಲ್ಲ. ಅಂದರೆ ಒಂದು ಮನೆಯವರ ಜೀವಕ್ಕೆ ಕುತ್ತು ತಂದು ನಾವು ಉಳಿಸಿದ್ದು ಏನೂ ಇಲ್ಲ. ಈಗ ಏರಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯುತ್ತೇವೆ. ರಸ್ತೆಯಲ್ಲಿ ಎರಡೂ ಬ್ರೇಕ್ ಪೆಡಲ್ ಕೂಡಿಸಿ ಲಾಕ್ ಹಾಕಿರುತ್ತೇವೆ.

ತಿಂಗಳ ಕೊನೆಗೆ ಅಷ್ಟೇ ತೂಕಕ್ಕೆ, ಅದೇ ದಾರಿಗೆ 17 ಲೀಟರ್ ಸಾಕಾಯಿತು. ಟ್ರಿಪ್ಪಿಗೆ ಮೂರು ಲೀಟರ್ ಉಳಿದದ್ದರಲ್ಲಿ ಕಂತು ಕಟ್ಟಿದೆವು.

ನೀವೂ ಟ್ರೇಲರ್ ಕಟ್ಟುವವರಾದರೆ ನಾಳೆ ಟ್ರಿಪ್ ಮುಗಿಸಿ ಬಂದ ಕೂಡಲೇ ಗಾಲಿಗಳ ಹತ್ತಿರ ಕೈ ಒಯ್ದು ನೋಡಿ. ಯಾವುದಾದರೂ ಒಂದು ಗಾಲಿ ಮಾತ್ರ ಸುಡುತ್ತಿದ್ದರೆ ನಿಮ್ಮ ಡೀಸೆಲ್ ಅಲ್ಲಿ ಹೋಗುತ್ತಿದೆ.